ಬಾಗಿಲ ಹಲಗೆಯ ಮೇಲಿನ ನಗು

ಆ ಹೆಂಗಸು ಬಂದಾಗ ಸುಲಾನ್ ಕಟ್ಟಡದ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಚಳಿಗಾಲದ ಬಿಸಿಲು ಒಂಬತ್ತಕ್ಕೆ ಆ ಬೆಂಚಿಗೆ ಬಂದರೆ ಹತ್ತೂವರೆಗೆ ಎದ್ದು ಹೊರಟುಬಿಡುತ್ತದೆ. ಸಿನಿಮಾ ಸ್ಟುಡಿಯೋದಿಂದ ನಿವೃತ್ತರಾಗಿ ಅದರ ವಸತಿಗೃಹಗಳಲ್ಲೇ ಉಳಿದುಕೊಂಡ ಮುದುಕ ಮುದುಕಿಯರೆಲ್ಲ ಆ ಒಂದೂವರೆ ಗಂಟೆಯನ್ನು ಹಂಚಿಕೊಂಡು ಕೂರುತ್ತಾರೆ. ಪಕ್ಕದಲ್ಲಿ ಹಳೆಯ ಛಾಯಾಗ್ರಾಹಕ ಗೆಂಗ್ ಚದುರಂಗ ಹಾಸಿಕೊಂಡು ಎರಡೂ ಕಡೆಯ ಕಾಯಿಗಳನ್ನು ತಾನೇ ನಡೆಸುತ್ತಿದ್ದ. ಎಪ್ಪತ್ತೊಂಬತ್ತು ವಯಸ್ಸು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅವನಿಗೆ ಬೇಕಾದ ಮಾತನ್ನಷ್ಟೇ ಕೇಳುತ್ತಿತ್ತು.

"ಗೆಲ್ತಿದ್ದೀಯೇನಣ್ಣ?" ಎಂದಳು ಸುಲಾನ್.

"ಎಲ್ಲಿ ಗೆಲ್ಲೋದು! ಎದುರಿಗಿರೋನು ಮೋಸಗಾರ."

ಗೇಟಿನ ಕಾವಲುಗಾರನೇ ಆ ಹೆಂಗಸನ್ನು ಬೆಂಚಿನವರೆಗೂ ಕರೆತಂದು, ಅವಳ ಕೈಚೀಲವನ್ನು ಒದ್ದೆಯಿಲ್ಲದ ಜಾಗ ನೋಡಿ ಇಳಿಸಿ ಹೋದ. ಹತ್ತಿ ತುಂಬಿದ ನೀಲಿ ಕೋಟು, ತಲೆಗೆ ಬಿಗಿದು ಕಟ್ಟಿದ ವಸ್ತ್ರ, ಗಾಳಿಗೆ ಒಡೆದು ಕೆಂಪಾದ ಕೆನ್ನೆ. ಉತ್ತರದ ಮಣ್ಣುಗುಡ್ಡಗಳ ಕಡೆಯವಳೆಂದು ಮುಖವೇ ಹೇಳುತ್ತಿತ್ತು.

"ಮಿಯಾವ್ ಡೈರೆಕ್ಟ್ರಮ್ಮ ಅಂದ್ರೆ ನೀವೇನಾ ತಾಯಿ?"

"ಹೌದು. ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದಳು ಸುಲಾನ್. ಮಿಯಾವ್ ಅವಳ ಮನೆತನದ ಹೆಸರು.

"ನಾನು ಜಾವ್‌ಷುಗೌನ ಫೆಂಗ್‌ಚಿನ್. ದಾಂಗ್ ಅಜ್ಜಿ ಇದ್ಲಲ್ಲ, ನಿಮ್ಮ ಸಿನಿಮಾದಲ್ಲಿ ಸತ್ತೋಳು, ಅವಳ ಮಗಳು."

ಸುಲಾನಳ ಕೈಯಲ್ಲಿದ್ದ ಬೆಳ್ಳುಳ್ಳಿ ಅಲ್ಲೇ ನಿಂತಿತು. ಗೆಂಗ್ ಚದುರಂಗದಿಂದ ತಲೆ ಎತ್ತಿದ. ಆ ಮಾತು ಬಲಗಿವಿಗೆ ಚೆನ್ನಾಗಿಯೇ ಕೇಳಿಸಿತ್ತು.

ಫೆಂಗ್‌ಚಿನ್ ಚೀಲ ಬಿಚ್ಚಿ ಒಣಗಿದ ಎಲಚಿ ಹಣ್ಣುಗಳನ್ನು ಬೊಗಸೆ ತುಂಬ ತೆಗೆದು ಇಬ್ಬರ ಮಡಿಲಿಗೂ ಹಾಕಿದಳು. ಆಮೇಲೆ ಬಂದ ಕೆಲಸ ಹೇಳಿದಳು. ಮುಂದಿನ ತಿಂಗಳು ಅವರ ಊರಿನ ಶಾಲೆಯ ಹಜಾರದಲ್ಲಿ ಆ ಹಳೆಯ ಚಿತ್ರವನ್ನು ಹೊಸದಾಗಿ ತೊಳೆದು ಬೆಳಗಿ ತೋರಿಸುತ್ತಾರಂತೆ. ಸುದ್ದಿ ಕೇಳಿದ ಮೊಮ್ಮಗಳು ಕೇಳಿದಳಂತೆ, ಮುತ್ತಜ್ಜಿ ಅದರಲ್ಲಿ ಸತ್ತು ಮಲಗಿರೋದೇ ಇರೋದು, ಬದುಕಿರೋದು ಎಲ್ಲೂ ಇಲ್ವಾ ಎಂದು.

"ಫೋಟೋ ಅಂತ ಇರೋದು ಗುರುತಿನ ಚೀಟೀದು ಒಂದೇ. ಅದ್ರಲ್ಲಿ ಅವ್ವ ಪೊಲೀಸರ ಹತ್ರ ಬೈಸ್ಕೊಂಡೋಳ ಹಂಗೆ ಬಾಯಿ ಬಿಗಿದು ಕೂತವಳೆ. ಆದ್ರೆ ಸಾಯೋ ತನ್ಕ ಒಂದೇ ಮಾತು ಹೇಳೋಳು. ನನ್ನ ನಗು ಪಟ್ಟಣದಲ್ಲಿ ಡಬ್ಬೀಲಿ ಭದ್ರವಾಗೈತೆ, ಕ್ಯಾಮೆರಾದೋರು ಆವತ್ತು ನಾನೆದ್ದು ನಕ್ಕಿದ್ದನ್ನೂ ಹಿಡ್ಕೊಂಡವ್ರೆ ಅಂತ. ಆ ನಗು ನಂಗೆ ತೋರಿಸ್ತೀರಾ ತಾಯಿ? ಆಗೋದಾದ್ರೆ ಮೊಮ್ಮಗಳಿಗೂ ಒಂದು ಪ್ರತಿ ಕೊಡಿ. ಸಂಜೆ ಐದಕ್ಕೆ ನನ್ನ ಬಸ್ಸು."

ಸುಲಾನ್ ಗೆಂಗ್‌ನ ಮುಖ ನೋಡಿದಳು. ಗೆಂಗ್ ಒಂದು ಕುದುರೆಯನ್ನು ಎತ್ತಿ, ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

*

ಮೂವತ್ತೆಂಟು ವರ್ಷ ಹಿಂದಿನ ಮಾತು. ಸುಲಾನ್‌ಗೆ ಆಗ ಮೂವತ್ತೆರಡು. ಮೊದಲ ಚಿತ್ರ. ಜಾವ್‌ಷುಗೌ ಎಂಬ ಎಲಚಿ ಮರಗಳ ಕಣಿವೆಯಲ್ಲಿ, ಗುಡ್ಡ ಕೊರೆದು ಮಾಡಿದ ಗವಿಮನೆಗಳಲ್ಲಿ ಇಡೀ ಚಿತ್ರತಂಡ ಒಂದು ಚಳಿಗಾಲ ಕಳೆದಿತ್ತು. ಕೆಳಗೆ ಒಲೆ ಉರಿಸಿ ಬೆಚ್ಚಗಾಗಿಸಿದ ಮಣ್ಣಿನ ಜಗಲಿಯ ಮೇಲೆ ಹತ್ತು ಹತ್ತು ಜನ ಸಾಲಾಗಿ ಮಲಗುತ್ತಿದ್ದರು. ಬೆಳಗಾದರೆ ಊರ ಹೆಂಗಸರು ಜೋಳದ ಗಂಜಿಯ ಹಂಡೆ ಹೊತ್ತು ತರುತ್ತಿದ್ದರು. ಗೆಂಗ್ ಕ್ಯಾಮೆರಾದ ಬ್ಯಾಟರಿಯನ್ನು ಎಳೆಗೂಸಿನಂತೆ ಅಂಗಿಯೊಳಗೆ ಎದೆಗೆ ಅವುಚಿಕೊಂಡು ಬೆಚ್ಚಗಿಡುತ್ತಿದ್ದ. ಈಗಲೂ ಸುಲಾನ್‌ಗೆ ಎಲ್ಲಾದರೂ ಕಲ್ಲಿದ್ದಲ ಹೊಗೆಯ ವಾಸನೆ ಬಂದರೆ ಸಾಕು, ಆ ಚಳಿಗಾಲ ಬಂದು ಪಕ್ಕದಲ್ಲಿ ಕೂರುತ್ತದೆ.

ಕಥೆಯಲ್ಲಿ ಒಬ್ಬ ಅಜ್ಜಿ ಸಾಯಬೇಕಿತ್ತು. ಸತ್ತವರನ್ನು ಮನೆಯ ಬಾಗಿಲ ಹಲಗೆ ಕಿತ್ತು ಅದರ ಮೇಲೆ ಮಲಗಿಸುವುದು ಅಲ್ಲಿನ ಪದ್ಧತಿ. ಊರಿನಲ್ಲಿ ಯಾವ ಮುದುಕಿಯೂ ಆ ಹಲಗೆಯ ಮೇಲೆ ಮಲಗಲು ಒಪ್ಪಲಿಲ್ಲ. ದಾಂಗ್ ಅಜ್ಜಿ ಮಾತ್ರ, "ಒಂದಿನ ಮಲಗೋದೇ ತಾನೆ, ಅಭ್ಯಾಸ ಆಗ್ಲಿ" ಎಂದು ಬಂದಳು. ಅರವತ್ತಾರು ವಯಸ್ಸು, ಮುಂದೆ ಎರಡೇ ಹಲ್ಲು.

ಸಿನಿಮಾದವರಿಗೂ ಒಂದು ಪದ್ಧತಿಯಿದೆ. ಸತ್ತವರ ಪಾತ್ರ ಮಾಡಿದವರಿಗೆ ಶಾಟ್ ಮುಗಿದ ತಕ್ಷಣ ದುಡ್ಡಿಟ್ಟ ಕೆಂಪು ಲಕೋಟೆ ಕೊಡಬೇಕು. ಅವರು ಎದ್ದು ಕೂತು ಕ್ಯಾಮೆರಾ ನೋಡಿ ನಗಬೇಕು, ಕ್ಯಾಮೆರಾ ಆ ನಗುವನ್ನೂ ಹಿಡಿಯಬೇಕು. ಸಾವೊಂದನ್ನೇ ಯಂತ್ರದೊಳಗೆ ಬಿಟ್ಟು ಬರಬಾರದು. ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಸುಲಾನ್ ಮುರಿದಳು. ಆಗ ರೀಲು ಅಳೆದು ಕೊಡುತ್ತಿದ್ದ ಕಾಲ. ಕ್ಯಾಮೆರಾದಲ್ಲಿದ್ದ ರೀಲು ಸಾವಿನ ಶಾಟಿನೊಂದಿಗೇ ಮುಗಿದಿತ್ತು. ಉಳಿದಿದ್ದದ್ದು ಒಂದೇ ಡಬ್ಬಿ, ಅದು ಮರುದಿನದ ಶವಯಾತ್ರೆಗೆ. ಗೆಂಗ್ ಆ ಡಬ್ಬಿಗೆ ಕೈಹಾಕಿದಾಗ ಅವಳು ಅವನ ಕಿವಿಯ ಹತ್ತಿರ ಬಾಗಿ, "ಒಂದಡೀನೂ ಕೊಡಲ್ಲ" ಎಂದಿದ್ದಳು. ಅಜ್ಜಿ ಹಲಗೆಯ ಮೇಲೆ ಎದ್ದು ಕೂತು, ಕೆದರಿದ ಕೂದಲನ್ನು ಎಂಜಲು ಹಚ್ಚಿ ಸರಿಮಾಡಿಕೊಂಡು, "ಎತ್ಲಾಗೆ ನೋಡಿ ನಗ್ಲಿ?" ಎಂದು ಕೇಳಿದ್ದಳು. ಗೆಂಗ್ ಒಂದು ಕ್ಷಣ ಸುಲಾನಳ ಮುಖ ನೋಡಿದ. ಖಾಲಿ ಕ್ಯಾಮೆರಾದ ಗುಂಡಿ ಒತ್ತಿದ. ಯಂತ್ರ ಗರಗರ ಸದ್ದು ಮಾಡಿತು. ಅಜ್ಜಿ ಎರಡು ಹಲ್ಲು ಕಾಣುವಂತೆ, ನೆಂಟರ ಮದುವೆಯಲ್ಲಿ ನಗುವ ಹಾಗೆ, ಬಹಳ ಹೊತ್ತು ನಕ್ಕಳು.

ವಾರ ಕಳೆದು ಒಂದು ಬೆಳಿಗ್ಗೆ ಅಜ್ಜಿ ಸುಲಾನಳ ಕೈಗೆ ಒಂದು ಜೊತೆ ಬಟ್ಟೆಯ ಅಟ್ಟೆ ಕೊಟ್ಟಳು. ಶೂಗಳ ಒಳಗೆ ಹಾಕಿಕೊಳ್ಳುವಂಥವು, ಪದರ ಪದರ ಬಟ್ಟೆ ಅಂಟಿಸಿ ಒತ್ತೊತ್ತಾಗಿ ಹೊಲಿದು, ಮೇಲೆ ಕೆಂಪು ದಾರದಲ್ಲಿ ದಾಳಿಂಬೆ ಬಿಡಿಸಿದ್ದವು. ನಗು ಹಿಡಿದುಕೊಂಡಿದ್ದಕ್ಕೆ ಉಡುಗೊರೆ ಎಂದುಕೊಂಡಳು ಸುಲಾನ್. ಆ ಅಟ್ಟೆಗಳ ಮೇಲೆ ಅವಳು ಒಂದು ದಿನವೂ ಕಾಲಿಡಲಿಲ್ಲ.

*

ಸುಲಾನ್ ಫೆಂಗ್‌ಚಿನ್‌ಳನ್ನು ಮೇಲೆ ಮನೆಗೆ ಕರೆದುಕೊಂಡು ಹೋಗಿ ಕುಡಿಯಲು ಬಿಸಿನೀರು ಕೊಟ್ಟಳು. ಎರಡೇ ಕೋಣೆ. ಪುಸ್ತಕದ ಕಪಾಟಿನಲ್ಲಿ ಗಾಜಿನ ಭರಣಿಯೊಳಗೆ ಒಂದು ಹಿಟ್ಟಿನ ಹುಲಿ ಇತ್ತು. ಹಬೆಯಲ್ಲಿ ಬೇಯಿಸಿದ ಗೋಧಿ ಹಿಟ್ಟು ಒಣಗಿ ಬಿರುಕು ಬಿಟ್ಟು ಕಲ್ಲಾಗಿತ್ತು. ಕಣ್ಣಿಗೆ ಕಪ್ಪು ಹುರುಳಿ, ಹಣೆಗೆ ಮಾಸಿದ ಕೆಂಪು ಬೊಟ್ಟು. ಫೆಂಗ್‌ಚಿನ್ ಅದನ್ನು ನೋಡಿದ್ದೇ ನಕ್ಕಳು.

"ಇದು ಅವ್ವಂದೇ! ಬಾಲ ನೋಡಿ, ಎಡಕ್ಕೆ ತಿರುಗೈತೆ. ಬೇರೆ ಯಾರು ಮಾಡಿದ್ರೂ ಬಾಲ ಬಲಕ್ಕೆ ಇರ್ತಿತ್ತು. ಅವ್ವ ಎಡಗೈನೋಳು."

"ಇದಕ್ಕೋಸ್ಕರ ನಾನೊಬ್ಬರ ಹತ್ತಿರ ಜಗಳ ಆಡಿದ್ದೀನಿ" ಎಂದಳು ಸುಲಾನ್. ಚಿತ್ರ ಮೊದಲು ತೋರಿಸಿದಾಗ ಒಬ್ಬ ದೊಡ್ಡ ಮನುಷ್ಯರು ಎದ್ದು ನಿಂತು, ಈ ಹಳೇ ಕಂದಾಚಾರ, ಈ ಹಿಟ್ಟಿನ ಗೊಂಬೆ, ಈ ಮಣ್ಣುಗವಿ, ಇದನ್ನೆಲ್ಲ ತೋರಿಸೋಕೆ ನಾಚಿಕೆ ಆಗಲ್ವಾ ಎಂದಿದ್ದರು. "ನಾನು ಈ ಹುಲೀನ ಚೀಲದಿಂದ ತೆಗೆದು ಅವರ ಮುಂದಿಟ್ಟೆ. ನಿಮ್ಮ ಬೆರಳಿಗೆ ಇದನ್ನ ಮಾಡೋಕೆ ಬರುತ್ತಾ ಅಂತ ಕೇಳಿದೆ. ಕೂತ್ಕೊಂಡುಬಿಟ್ರು."

"ಈಗ ನಮ್ಮೂರಲ್ಲೂ ಯಾರಿಗೂ ಬರಲ್ಲ ತಾಯಿ. ನಮ್ಮ ಸ್ಕೂಲ್ ಮೇಷ್ಟ್ರು ನಿಮ್ಮ ಸಿನಿಮಾದಲ್ಲಿ ಹುಲಿ ಮಾಡೋ ತುಂಡನ್ನ ಫೋನಲ್ಲಿ ಹಾಕಿ ಹುಡುಗೀರಿಗೆ ಕಲಿಸ್ತಾರೆ. ಅವ್ವನ ಕೈ ಕಾಣುತ್ತಲ್ಲ ಅದ್ರಲ್ಲಿ, ಮುಖ ಇಲ್ದೆ ಬರೀ ಕೈ, ಅದ ನೋಡ್ಕೊಂಡು ಮಾಡ್ತಾವೆ. ಊರಲ್ಲಿರೋ ಹುಲಿಗಳಿಗೆಲ್ಲ ಈಗ ಬಾಲ ಎಡಕ್ಕೇ!"

ಸುಲಾನ್ ಬಹಳ ಪ್ರಶಸ್ತಿ ಪತ್ರಗಳನ್ನು ಮಂಚದ ಕೆಳಗೆ ತಳ್ಳಿಟ್ಟಿದ್ದಳು. ಈ ಮಾತು ಕೇಳಿದಾಗ ಆದಷ್ಟು ಸಂತೋಷ ಅವು ಯಾವುದರಿಂದಲೂ ಆಗಿರಲಿಲ್ಲ. ಆ ಸಂತೋಷದ ಹಿಂದೆಯೇ ಹೆದರಿಕೆಯೂ ಬಂತು. ಬಿಸಿನೀರು ತುಂಬಿಸುವ ನೆಪ ಮಾಡಿ ಬಾಗಿಲಾಚೆ ಬಂದಳು. ಗೆಂಗ್ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ನಿಂತಿದ್ದ.

"ಕೆಟ್ಟುಹೋಯ್ತು ಅಂದ್ಬಿಡು" ಎಂದ, ಪಿಸುಮಾತೆಂದುಕೊಂಡು ಗಟ್ಟಿಯಾಗಿ. "ಹಳೇ ರೀಲು, ಬೂಷ್ಟು ಹಿಡೀತು ಅನ್ನು. ನಂಬ್ತಾಳೆ."

"ಮೆಲ್ಲಗೆ ಮಾತಾಡಣ್ಣ."

"ಮೆಲ್ಲಗೇ ಮಾತಾಡ್ತಿದೀನಿ! ಖಾಲಿ ಓಡಿಸಿದ್ದು ನಾನು. ಬೈಗುಳ ಬೇಕಾದ್ರೆ ನನ್ನ ತಲೆಗೆ ಕಟ್ಟು."

"ರೀಲು ಕೊಡಲ್ಲ ಅಂದೋಳು ನಾನು. ನೀನು ಪಾಪ, ಆ ಮುದುಕಿ ಮನಸ್ಸು ನೋಯಬಾರದು ಅಂತ ಮಾಡ್ದೆ."

ಗೆಂಗ್ ಜೇಬಿನಿಂದ ಕುದುರೆ ತೆಗೆದು ನೋಡಿ ಮತ್ತೆ ಒಳಗೆ ಹಾಕಿದ. "ಏನಾದ್ರೂ ಮಾಡು. ಊಟ ಆದ್ಮೇಲೆ ರೀಲಿನ ಕೋಣೆಗೆ ನಾನೂ ಬರ್ತೀನಿ ಜೊತೇಲಿ."

*

ಮಧ್ಯಾಹ್ನ ಇಬ್ಬರು ಹೆಂಗಸರೂ ಓಣಿಯ ಕೊನೆಯ ಸಣ್ಣ ಹೋಟೆಲಿಗೆ ಹೋದರು. ಕುರಿಮಾಂಸದ ಸಾರು, ಜೊತೆಗೆ ಗಟ್ಟಿ ರೊಟ್ಟಿ. ರೊಟ್ಟಿಯನ್ನು ತಿನ್ನುವವರೇ ಕಾಳಿನಷ್ಟು ಸಣ್ಣಗೆ ಹರಿದು ಬಟ್ಟಲು ತುಂಬಿಸಿ ಒಳಗೆ ಕೊಡಬೇಕು, ಆಮೇಲೆ ಅಡುಗೆಯವನು ಅದಕ್ಕೆ ಸಾರು ಹಾಕಿ ಕುದಿಸುತ್ತಾನೆ. ಅರ್ಧ ಗಂಟೆಯ ಕೆಲಸ. ಈ ಊರಿನಲ್ಲಿ ಮದುವೆಯ ಮಾತುಕತೆ, ಜಗಳ, ರಾಜಿ ಎಲ್ಲ ನಡೆಯುವುದು ರೊಟ್ಟಿ ಹರಿಯುತ್ತಲೇ.

"ಇದೇನು ತಾಯಿ, ಪಟ್ಟಣದೋರಾಗಿ ಇಷ್ಟಿಷ್ಟು ದಪ್ಪ ಹರೀತೀರಾ! ಕೋಳಿ ಕೂಡ ಮೂಸಿ ನೋಡಿ ಹೋಗುತ್ತೆ" ಎಂದಳು ಫೆಂಗ್‌ಚಿನ್. ಅವಳ ಬೆರಳುಗಳು ಜಪಮಣಿ ಎಣಿಸುವ ಹಾಗೆ ಓಡುತ್ತಿದ್ದವು.

ಸುಲಾನ್ ರೊಟ್ಟಿ ಕೆಳಗಿಟ್ಟಳು.

"ಅಕ್ಕ, ನಾನೊಂದು ಮಾತು ಹೇಳಬೇಕು. ಆ ನಗು ಡಬ್ಬೀಲಿಲ್ಲ. ಅವತ್ತು ಕ್ಯಾಮೆರಾದಲ್ಲಿ ರೀಲೇ ಇರಲಿಲ್ಲ. ಇನ್ನೊಂದು ಡಬ್ಬಿ ಇತ್ತು, ನಾನೇ ಬೇಡ ಅಂದೆ. ನಾಳೆಗೆ ಬೇಕು ಅಂತ ಉಳಿಸಿಕೊಂಡೆ. ನಿಮ್ಮಮ್ಮ ನಕ್ಕಿದ್ದು ಖಾಲಿ ಯಂತ್ರದ ಮುಂದೆ."

ಫೆಂಗ್‌ಚಿನ್‌ಳ ಬೆರಳು ನಿಂತವು. ಪಕ್ಕದ ಮೇಜಿನವರು ಬೆಳ್ಳುಳ್ಳಿ ಉಪ್ಪಿನಕಾಯಿ ಕೇಳಿದರು, ತಂದುಕೊಟ್ಟರು, ತಿಂದರು.

"ಹಂಗಾದ್ರೆ ಅವ್ವ ನಕ್ಕಿದ್ದು ಎಲ್ಲೋಯ್ತು?"

"ನನ್ನ ಕಣ್ಣಲ್ಲಿದೆ, ಅಕ್ಕ" ಎಂದಳು ಸುಲಾನ್.

"ನಿಮ್ಮ ಕಣ್ಣ ತಗೊಂಡೋಗಿ ಸ್ಕೂಲಿನ ಗೋಡೆ ಮೇಲೆ ಹಾಕಕ್ಕಾಗುತ್ತಾ?"

ಒಳಗಿನಿಂದ ಅಡುಗೆಯವನು, "ಅಜ್ಜಿ, ಬಟ್ಟಲು ಆಯ್ತಾ?" ಎಂದು ಕೂಗಿದ. ಫೆಂಗ್‌ಚಿನ್ ತನ್ನ ಬಟ್ಟಲು ಕೊಟ್ಟಳು. ಸುಲಾನಳ ಬಟ್ಟಲನ್ನು ಕೊಡಲಿಲ್ಲ. ಅದನ್ನು ತನ್ನ ಮುಂದೆಳೆದುಕೊಂಡು, ತಲೆ ಎತ್ತದೆ, ದಪ್ಪ ತುಂಡುಗಳನ್ನೆಲ್ಲ ಒಂದೊಂದಾಗಿ ಮತ್ತೆ ಸಣ್ಣಗೆ ಹರಿಯತೊಡಗಿದಳು. ಸಿಟ್ಟಿನಿಂದಲೇ ಹರಿಯುತ್ತಿದ್ದಳು, ಆದರೂ ಕಾಳಿನಷ್ಟು ಸಣ್ಣಗೆ.

"ಹಿಂಗೇ ಹಾಕಿದ್ರೆ ಒಳಗೆ ರಸ ಇಳಿಯಲ್ಲ" ಎಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಇಷ್ಟು ದೂರ ಬಂದಿದೀನಿ. ಅವ್ವನ ಸತ್ತ ಮುಖಾನಾದ್ರೂ ನೋಡ್ಕೊಂಡು ಹೋಗ್ತೀನಿ."

*

ಹಳೆಯ ರೀಲುಗಳನ್ನು ಇಡುವ ಕೋಣೆ ಸ್ಟುಡಿಯೋದ ನೆಲಮಾಳಿಗೆಯಲ್ಲಿತ್ತು. ಅಲ್ಲಿನ ತಾನ್ ನಲವತ್ತೈದರ ಗಂಡಸು, ಬಿಳಿ ಕೈಗವಸು ಹಾಕಿಕೊಂಡು ದಿನವಿಡೀ ಹಳೆಯ ಚಿತ್ರಗಳ ಧೂಳು ಒರೆಸುವವನು. ಕಬ್ಬಿಣದ ಸ್ಟೂಲು ತಣ್ಣಗಿರುತ್ತದೆಂದು ತನ್ನ ಕೋಟನ್ನೇ ಮಡಿಸಿ ಫೆಂಗ್‌ಚಿನ್‌ಗೆ ಹಾಸಿಕೊಟ್ಟ. ಗೆಂಗ್ ಬಾಗಿಲಲ್ಲೇ ನಿಂತ. ಒಳಗೆ ಬರಲು ಅವನಿಗೆ ಮುಖವಿರಲಿಲ್ಲ.

"ಆ ಶಾಟು ಪೂರ್ತಿ ಇದೆ ಮೇಡಂ" ಎಂದ ತಾನ್. "ಚಿತ್ರದಲ್ಲಿ ಹನ್ನೆರಡು ಸೆಕೆಂಡು ಹಾಕಿದ್ದೀರಿ, ಇಲ್ಲಿ ನಲವತ್ತು ಇದೆ. ಇದರ ಬಾಲದ ತುಂಡೂ ಬೇರೆ ಇದೆ. ನಿಮ್ಮ ಸಂಕಲನದ ಮೇಡಂ ಏನನ್ನೂ ಬಿಸಾಕ್ತಿರಲಿಲ್ಲವಂತಲ್ಲ, ಚೀಟಿ ಅಂಟಿಸಿ ಇಟ್ಟಿದ್ದಾರೆ. ‘ಬೆಳಕು ಬಿದ್ದು ಕೆಟ್ಟದ್ದು, ಉಪಯೋಗವಿಲ್ಲ’ ಅಂತ. ಲ್ಯಾಬಿನವರು ಇದರ ಪ್ರಿಂಟೇ ಹಾಕಿಲ್ಲ. ನಿನ್ನೆ ತಾನೆ ಎರಡನ್ನೂ ಒಟ್ಟಿಗೆ ಕಂಪ್ಯೂಟರಿಗೆ ಏರಿಸಿದೆ."

"ಬಾಲದಲ್ಲಿ ಏನಿರುತ್ತೆ! ಕ್ಲಾಪ್ ಬೋರ್ಡ್ ಅಷ್ಟೇ" ಎಂದಳು ಸುಲಾನ್.

ಪರದೆಯ ಮೇಲೆ ದಾಂಗ್ ಅಜ್ಜಿ ಬಂದಳು. ಬಾಗಿಲ ಹಲಗೆ, ಹೊಸ ನೀಲಿ ಬಟ್ಟೆ, ಮುಚ್ಚಿದ ಕಣ್ಣು. ಕಿಟಕಿಯ ಕಾಗದದಿಂದ ಸೋಸಿ ಬಂದ ಹಿಮದ ಬೆಳಕು ಕೆನ್ನೆಯ ಮೇಲಿತ್ತು. ಸದ್ದಿಲ್ಲ. ಆ ಕಾಲದಲ್ಲಿ ಮಾತೆಲ್ಲ ಆಮೇಲೆ ಸೇರಿಸುತ್ತಿದ್ದುದರಿಂದ ಮೂಕ ಚಿತ್ರ. ಫೆಂಗ್‌ಚಿನ್ ಮಂಡಿಯ ಮೇಲೆ ಕೈ ಕಟ್ಟಿಕೊಂಡು, ನಿಜವಾದ ಹಲಗೆಯ ಪಕ್ಕ ಕೂತಂತೆ ಕೂತಿದ್ದಳು. "ನಿಜವಾಗ್ಲೂ ಹೋದಾಗ ಇಷ್ಟು ಚೆನ್ನಾಗಿ ಕಾಣ್ಲಿಲ್ಲ ಅವ್ವ" ಎಂದಳು ಮೆಲ್ಲಗೆ.

ಮೂವತ್ತೊಂಬತ್ತು, ನಲವತ್ತು. ಪರದೆಯ ಮೇಲೆ ಕ್ಲಾಪ್ ಬೋರ್ಡ್ ಬಂತು, ತಲೆಕೆಳಗಾಗಿ.

ಸುಲಾನ್‌ಗೆ ಆಗ ನೆನಪಾಯಿತು. ತಾಲೀಮಿನಲ್ಲಿ ಬೋರ್ಡು ಟಪ್ಪೆಂದಾಗಲೆಲ್ಲ ಅಜ್ಜಿ ಬೆಚ್ಚಿ ಕಣ್ಣು ಪಿಳುಕಿಸುತ್ತಿದ್ದಳು. ಮೂರು ಸಲ ಸತ್ತವಳು ಮೂರು ಸಲವೂ ಕಣ್ಣು ಬಿಟ್ಟಿದ್ದಳು. ಅದಕ್ಕೇ ಆ ಶಾಟಿಗೆ ಬೋರ್ಡನ್ನು ಮೊದಲು ಹೊಡೆಯದೆ ಕೊನೆಗೆ, ಕೊನೆಯದು ಎಂಬ ಗುರುತಿಗೆ ಬುಡಮೇಲು ಹಿಡಿದು ಹೊಡೆದಿದ್ದರು. ಅಷ್ಟರಲ್ಲಿ ಸುಲಾನ್ ಬೆನ್ನು ತಿರುಗಿಸಿ, ಮರುದಿನದ ರೀಲಿನ ಚಿಂತೆಯಲ್ಲಿ ಹೊಸ್ತಿಲ ಕಡೆ ಹೋಗಿದ್ದಳು.

ಬೋರ್ಡು ಮುಚ್ಚಿತು. ಅದರ ಹಿಂದಿನಿಂದ ಅಜ್ಜಿಯ ಕಣ್ಣು ತಟ್ಟನೆ ತೆರೆದವು.

ಫೆಂಗ್‌ಚಿನ್ ಸ್ಟೂಲಿನಿಂದ ಅರ್ಧ ಎದ್ದಳು.

ಬೋರ್ಡು ಸರಿಯಿತು. ಅಜ್ಜಿ ತಲೆಯನ್ನು ಪಕ್ಕಕ್ಕೆ ಹೊರಳಿಸಿ ಕ್ಯಾಮೆರಾದಾಚೆ ಯಾರನ್ನೋ ನೋಡಿದಳು, ಅವರ ಮುಖವನ್ನಲ್ಲ, ಕೆಳಗೆ, ನೆಲದ ಕಡೆ. ಹುಬ್ಬು ಗಂಟಿಕ್ಕಿತು. ಬಾಯಿ ಆಡಿತು. ಹಲಗೆಯ ಮೇಲಿಂದ ಕೈಯೆತ್ತಿ ಬೆರಳು ತೋರಿಸಿ ಏನೋ ಗದರಿದಳು. ಆಮೇಲೆ, ಅಲ್ಲಿಂದ ಏನು ಉತ್ತರ ಬಂತೋ, ಮುಖ ಸಡಿಲವಾಗಿ ಎರಡು ಹಲ್ಲು ಕಂಡವು. ಅಷ್ಟರಲ್ಲಿ ಅಂಚಿನಿಂದ ಕಿತ್ತಳೆ ಬಣ್ಣದ ಬೆಳಕು ಹರಿದು ಬಂದು ಹಲಗೆ, ಬಟ್ಟೆ, ಕೈ ಎಲ್ಲವನ್ನೂ ನುಂಗಿತು. ಕೊನೆಗೆ ಉಳಿದದ್ದು ನಗು. ಅದೂ ಹೋಯಿತು.

"ಇನ್ನೊಂದ್ಸಲ" ಎಂದಳು ಫೆಂಗ್‌ಚಿನ್. ತಾನ್ ತೋರಿಸಿದ. "ಇನ್ನೊಂದ್ಸಲ ಅಪ್ಪಾ." ಅವನು ಬೇಸರಿಸದೆ ಆರು ಸಲ ತೋರಿಸಿದ. ಐದನೆಯ ಸಲಕ್ಕೆ ಗೆಂಗ್ ಬಾಗಿಲಿನಿಂದ ಒಳಗೆ ಬಂದಿದ್ದ. ಆರನೆಯದಕ್ಕೆ ಫೆಂಗ್‌ಚಿನ್ ಪರದೆಯ ಜೊತೆಗೇ ತುಟಿಯಾಡಿಸುತ್ತಿದ್ದಳು.

"ಏನಂತಿದ್ದಾರೆ ಅವರು?" ಎಂದು ಕೇಳಿದ ತಾನ್.

"ಇದು ಕೇಳ್ಬೇಕಾ? ನಂಗೆ ದಿನಾ ಬೀಳ್ತಿದ್ದ ಬೈಗುಳ." ಫೆಂಗ್‌ಚಿನ್ ಕಣ್ಣೊರೆಸಿಕೊಂಡು ತಾಯಿಯ ದನಿಯಲ್ಲೇ ಹೇಳಿದಳು. "‘ಏ ಹುಡುಗಿ, ಕಾಲೆಲ್ಲ ಒದ್ದೆ ಮಾಡ್ಕೊಂಡಿದೀಯಲ್ಲೇ! ನಿನ್ನವ್ವ ನೋಡಿದ್ರೆ ಏನಂದಾಳು?’" ಅವಳು ಸುಲಾನಳ ಕಡೆ ತಿರುಗಿದಳು. "ಕ್ಯಾಮೆರಾದಾಚೆ ಇದ್ದ ಹುಡುಗಿ ಅಂದ್ರೆ ನೀವು ತಾನೆ? ಅವ್ವ ಹೇಳ್ತಿರೋದು ನಿಮಗೇ ತಾಯಿ."

ಸುಲಾನ್ ತನ್ನ ಪಾದಗಳನ್ನು ನೋಡಿಕೊಂಡಳು. ಆ ಚಳಿಗಾಲದ ತೆಳ್ಳನೆಯ ಬಟ್ಟೆಯ ಶೂ, ಒಳಗೆ ಕರಗಿದ ಹಿಮ, ಮರಗಟ್ಟಿದ ಬೆರಳು, ಎಲ್ಲ ನೆನಪಿತ್ತು. ಬೆನ್ನು ತಿರುಗಿಸಿಯೇ, "ಒಣಗುತ್ತೆ ಬಿಡಜ್ಜಿ, ಮೊದಲು ನೀನು ಸರಿಯಾಗಿ ಸಾಯಿ" ಎಂದು ತಾನು ರೇಗಿದ್ದು ಮಾತ್ರ ಮರೆತೇಹೋಗಿತ್ತು. ಅದಕ್ಕೇ ಅಜ್ಜಿ ನಕ್ಕಿದ್ದು. ಅಟ್ಟೆಗಳನ್ನು ಹೊಲಿಯಬೇಕೆಂದು ಅಂದುಕೊಂಡದ್ದೂ ಆ ಕ್ಷಣದಲ್ಲೇ ಇರಬೇಕು. ಖಾಲಿ ಕ್ಯಾಮೆರಾ ಓಡುವುದಕ್ಕೆ ಮೊದಲೇ. ಅವಳು ಕೊಟ್ಟದ್ದು ನಗುವಿಗೆ ಪ್ರತಿಯಾಗಿ ಅಲ್ಲವೇ ಅಲ್ಲ. ಒದ್ದೆಯಾದ ಕಾಲು ಕಂಡಿತ್ತು, ಅಷ್ಟೇ.

"ರೀಲು ಪೂರ್ತಿ ಮುಗಿಯೋವರೆಗೂ ನಾನು ಗುಂಡಿಯಿಂದ ಕೈ ತೆಗೀತಿರಲಿಲ್ಲ" ಎಂದ ಗೆಂಗ್, ಯಾರಿಗೆಂದಿಲ್ಲದೆ. "ಅಭ್ಯಾಸ."

"ಒಳ್ಳೇ ಅಭ್ಯಾಸ ಅಣ್ಣ" ಎಂದಳು ಫೆಂಗ್‌ಚಿನ್. ಅವನ ಎಡಗಿವಿಗೆ ಹೇಳಿದ್ದಾದರೂ ಅವನಿಗೆ ಕೇಳಿಸಿತು.

ಸುಲಾನ್ ತನ್ನ ಚಿತ್ರಗಳಲ್ಲಿ ಒಂದು ಚೌಕಟ್ಟನ್ನೂ ಯಾರಿಗೂ ಮುಟ್ಟಗೊಟ್ಟವಳಲ್ಲ. ಈ ಹೊಸ ಪ್ರತಿಗೂ ಆರು ತಿಂಗಳಿಂದ ತಾನ್‌ನ ಜೊತೆ ಹೋರಾಡಿ, ಎಲ್ಲ ಮೊದಲಿನಂತೆಯೇ ಇರಬೇಕೆಂದು ಪಟ್ಟು ಹಿಡಿದಿದ್ದಳು.

"ತಾನ್, ಇದನ್ನ ಸೇರಿಸಿಬಿಡಪ್ಪ."

"ಎಲ್ಲಿ ಮೇಡಂ?"

"ಕೊನೇಲಿ. ಹೆಸರುಗಳೆಲ್ಲ ಮುಗಿದ ಮೇಲೆ. ಬೋರ್ಡಿನಿಂದ ಹಿಡಿದು ಬೆಳಕು ನುಂಗೋವರೆಗೂ, ಒರೆಸಬೇಡ, ತಿದ್ದಬೇಡ. ಸತ್ತವಳು ಎದ್ದು ನಕ್ಕ ಮೇಲೇ ಜನ ಮನೆಗೆ ಹೋಗಲಿ."

ಫೆಂಗ್‌ಚಿನ್, ತಾನ್ ಪೆನ್‌ಡ್ರೈವ್‌ಗೆ ತುಂಬಿಕೊಟ್ಟ ಪ್ರತಿಯನ್ನು ಕೋಟಿನ ಒಳಜೇಬಿಗೆ ಹಾಕಿ, ಮೇಲಿಂದ ಅಂಗೈಯಲ್ಲಿ ಎರಡು ಸಲ ತಟ್ಟಿದಳು.

ಚೀಲ ತೆಗೆದುಕೊಳ್ಳಲು ಮನೆಗೆ ಹೋದಾಗ ಸುಲಾನ್ ಅಟ್ಟೆಗಳನ್ನು ಪೆಟ್ಟಿಗೆಯಿಂದ ತೆಗೆದಳು. ಕೆಂಪು ದಾಳಿಂಬೆ ಹಾಗೇ ಇತ್ತು. ಮಂಚದ ಅಂಚಿನಲ್ಲಿ ಕೂತು, ಫೆಂಗ್‌ಚಿನ್ ನೋಡುತ್ತಿದ್ದಂತೆಯೇ ಶೂಗಳೊಳಗೆ ಅವನ್ನು ಹಾಸಿ, ಕಾಲಿಟ್ಟಳು. ಬಸ್ ನಿಲ್ದಾಣದವರೆಗೆ ಹತ್ತು ನಿಮಿಷದ ನಡಿಗೆ. ಗೆಂಗ್ ಚೀಲ ಹೊರುತ್ತೇನೆಂದು ಹಟ ಹಿಡಿದು ಹಿಂದೆ ಬರುತ್ತಿದ್ದ.

ಫೆಂಗ್‌ಚಿನ್ ಅವಳ ನಡಿಗೆಯನ್ನು ಸ್ವಲ್ಪ ಹೊತ್ತು ಓರೆಗಣ್ಣಲ್ಲಿ ನೋಡಿದಳು.

"ಕೂತವಾ ಸರಿಯಾಗಿ?"

"ಸ್ವಲ್ಪ ದೊಡ್ಡವು."

"ಅವ್ವ ಯಾವತ್ತೂ ಒಂದು ಬೆರಳು ಜಾಸ್ತೀನೇ ಹೊಲಿಯೋಳು" ಎಂದಳು ಫೆಂಗ್‌ಚಿನ್. "ದಪ್ಪ ಕಾಲುಚೀಲ ಹಾಕ್ಕೊಳ್ಲಿ ಅಂತ. ಮುಂದಿನ ತಿಂಗಳು ನಮ್ಮೂರಿಗೆ ಬರ್ತೀರಲ್ಲ, ಆಗ ಹಾಕ್ಕೊಂಡು ಬನ್ನಿ. ಅಲ್ಲಿನ ಚಳಿ ನಿಮಗೆ ಗೊತ್ತೇ ಐತೆ."